ಲ್ಯಾಬ್ರಡಾರ್: ನೀರಿಗೆ ಹುಟ್ಟಿದ ಬೇಟೆನಾಯಿಯನ್ನು ಸಾಕುವ ಬಗೆ

ಲ್ಯಾಬ್ರಡಾರ್ ಸಾಕಿದವರ ಮನೆಗಳಲ್ಲಿ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಚಪ್ಪಲಿ, ಟವೆಲ್ಲು, ಮಕ್ಕಳ ಆಟಿಕೆ ಎನ್ನದೆ ಕಂಡದ್ದನ್ನೆಲ್ಲ ಕಚ್ಚಿಕೊಂಡು ಮನೆತುಂಬ ತಿರುಗುತ್ತದೆ. ಎಷ್ಟು ಹಾಕಿದರೂ ತಟ್ಟೆ ನೆಕ್ಕಿ ಮುಗಿಸಿ ಮತ್ತೆ ಮುಖ ನೋಡುತ್ತದೆ. ಸೋಫಾದಿಂದ ಸಾರಿನ ಬಟ್ಟಲಿನವರೆಗೆ ಎಲ್ಲೆಲ್ಲೂ ಅದರ ಕೂದಲು. ಕುಡಿಯಲು ಇಟ್ಟ ನೀರಿಗೆ ಮುಂಗಾಲು ಹಾಕಿ ಅಡುಗೆಮನೆಯನ್ನೇ ಕೆರೆ ಮಾಡುತ್ತದೆ. ಮರಿಯ ಬುದ್ಧಿ ಸರಿಯಿಲ್ಲವೆಂದು ಬೇಸರಪಡುವವರಿದ್ದಾರೆ. ಆದರೆ ಈ ನಾಲ್ಕೂ ಗುಣಗಳು ಬಂದಿರುವುದು ಒಂದೇ ಕಡೆಯಿಂದ. ತಣ್ಣೀರಿಗೆ ಧುಮುಕಿ, ಬಿದ್ದ ಹಕ್ಕಿಯನ್ನು ಗಾಯವಾಗದಂತೆ ಬಾಯಲ್ಲಿ ಹಿಡಿದು, ಯಜಮಾನನ ಕೈಗೆ ತಂದೊಪ್ಪಿಸಲೆಂದು ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಕಸುಬಿನ ನಾಯಿ ಇದು. ಕಸುಬು ತಪ್ಪಿಸಿ ಮೂರನೆಯ ಮಹಡಿಯ ಫ್ಲಾಟಿನಲ್ಲಿ ಕೂರಿಸಿದ ಮಾತ್ರಕ್ಕೆ ಕಸುಬಿನ ಗುಣ ಹೋಗುವುದಿಲ್ಲ. ಆದ್ದರಿಂದ ಇದರ ಆರೈಕೆಯನ್ನು ನೀರಿನಿಂದಲೇ ಆರಂಭಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಆಹಾರ, ಕಿವಿ, ಚರ್ಮ, ವ್ಯಾಯಾಮ ಎಲ್ಲವೂ ಅದರ ಸುತ್ತ ತಾವಾಗಿ ಹೊಂದಿಕೊಳ್ಳುತ್ತವೆ.

ಬೆಸ್ತರ ದೋಣಿಯಿಂದ ಬಂದ ನಾಯಿ

ಹೆಸರು ಲ್ಯಾಬ್ರಡಾರ್ ಎಂದಿದ್ದರೂ ಈ ತಳಿಯ ಬೇರು ಇರುವುದು ಲ್ಯಾಬ್ರಡಾರ್ ಪ್ರದೇಶದ ದಕ್ಷಿಣಕ್ಕಿರುವ, ಇಂದು ಕೆನಡಾದ ಭಾಗವಾಗಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ. ಅಲ್ಲಿ ಕಾಡ್ ಎಂಬ ಕಡಲಮೀನು ಹಿಡಿಯುವ ಬೆಸ್ತರ ದೋಣಿಗಳಲ್ಲಿ ಗಿಡ್ಡ ಕೂದಲಿನ ಕಪ್ಪು ನಾಯಿಯೊಂದು ಇರುತ್ತಿತ್ತು. ಸೇಂಟ್ ಜಾನ್ಸ್ ಬಂದರಿನ ಹೆಸರಿನಿಂದಲೇ ಅದನ್ನು ಕರೆಯುತ್ತಿದ್ದರು. ಗಾಳದಿಂದ ಕಳಚಿಕೊಂಡ ಮೀನನ್ನು ಹಿಡಿದು ತರುವುದು, ಬಲೆಯ ಹಗ್ಗವನ್ನು ದಡಕ್ಕೆ ಎಳೆದು ತರುವುದು ಅದರ ಕೆಲಸ. ಉದ್ದ ಕೂದಲಿನ ನಾಯಿ ಆ ನೀರಿನಿಂದ ಮೇಲೆ ಬಂದರೆ ಮೈಮೇಲೆ ಮಂಜುಗಡ್ಡೆ ಕಟ್ಟಿಕೊಳ್ಳುತ್ತಿದ್ದ ಕಾರಣ ಬೆಸ್ತರು ಗಿಡ್ಡ ಕೂದಲಿನದನ್ನೇ ಮೆಚ್ಚಿಕೊಂಡಿದ್ದರು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೀನು ಹೊತ್ತ ಹಡಗುಗಳ ಜೊತೆಗೆ ಈ ನಾಯಿಗಳು ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದವು. ಅಲ್ಲಿನ ಮಾಮ್ಸ್‌ಬರಿಯ ಅರ್ಲ್ ಮನೆತನದವರು ಜೌಗುನೆಲದ ಬಾತುಕೋಳಿ ಬೇಟೆಗೆ ಇವನ್ನು ಬಳಸತೊಡಗಿದರು. ಸ್ಕಾಟ್ಲೆಂಡಿನಲ್ಲಿ ಬಕ್ಲೂ ಡ್ಯೂಕರ ಮನೆತನ ಇದೇ ಜಾತಿಯ ನಾಯಿಗಳನ್ನು ಪ್ರತ್ಯೇಕವಾಗಿ ಬೆಳೆಸುತ್ತಿತ್ತು. 1880ರ ದಶಕದಲ್ಲಿ ಮಾಮ್ಸ್‌ಬರಿಯ ಅರ್ಲ್ ಬಕ್ಲೂ ಡ್ಯೂಕರಿಗೆ ನೆಡ್ ಮತ್ತು ಏವನ್ ಎಂಬ ನಾಯಿಗಳನ್ನು ಉಡುಗೊರೆಯಾಗಿ ಕೊಟ್ಟರು. ಇಂದಿನ ಲ್ಯಾಬ್ರಡಾರುಗಳ ವಂಶಾವಳಿಯನ್ನು ಹಿಂದಕ್ಕೆ ಎಳೆದರೆ ಮುಟ್ಟುವುದು ಮುಖ್ಯವಾಗಿ ಈ ಜೋಡಿಯನ್ನೇ. ನಾಯಿತಳಿಗಳನ್ನು ದಾಖಲಿಸುವ ಸಂಸ್ಥೆಗಳಾದ ಬ್ರಿಟನ್ನಿನ ಕೆನೆಲ್ ಕ್ಲಬ್ 1903ರಲ್ಲಿ, 1917ರಲ್ಲಿ ಅಮೆರಿಕದ ಕೆನೆಲ್ ಕ್ಲಬ್ ಈ ತಳಿಯನ್ನು ಮಾನ್ಯಮಾಡಿದವು. ಮೂಲದ ಸೇಂಟ್ ಜಾನ್ಸ್ ನಾಯಿ ಮಾತ್ರ ಉಳಿಯಲಿಲ್ಲ. ಕುರಿ ಸಾಕಣೆಗೆ ಉತ್ತೇಜನ ಕೊಡುವ ಸಲುವಾಗಿ ದ್ವೀಪದಲ್ಲಿ ನಾಯಿಗಳ ಮೇಲೆ ಹೇರಿದ ತೆರಿಗೆಗಳೂ ನಿರ್ಬಂಧಗಳೂ ಅದರ ಸಂಖ್ಯೆಯನ್ನು ಕರಗಿಸುತ್ತ ಬಂದು, 1980ರ ದಶಕದ ಹೊತ್ತಿಗೆ ಅದು ಅಳಿದೇಹೋಯಿತು.

ನಮ್ಮ ಮುಧೋಳದ ನಾಯಿಯೂ ಬೇಟೆನಾಯಿಯೇ. ಆದರೆ ಅದು ಕಣ್ಣಿಗೆ ಬಿದ್ದ ಮೊಲವನ್ನು ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗಿ ತಾನೇ ಹಿಡಿಯುವ ನಾಯಿ. ಲ್ಯಾಬ್ರಡಾರ್ ಹಾಗಲ್ಲ. ಕೊಲ್ಲುವ ಕೆಲಸ ಬಂದೂಕಿನದು, ಹುಡುಕಿ ತರುವುದಷ್ಟೇ ಇದರದು. ಮುಧೋಳದ ನಾಯಿಯನ್ನು ಸಾಕಿದ ಅನುಭವದ ಮೇಲೆ ಲ್ಯಾಬ್ರಡಾರನ್ನು ಅಳೆಯುವವರು ಇದನ್ನು ಪೆದ್ದು ಎನ್ನುವುದುಂಟು. ಹೇಳಿದ ಮಾತಿಗಾಗಿ ಕಾಯುವುದು ಪೆದ್ದುತನವಲ್ಲ.

ಮೈಕಟ್ಟಿನಲ್ಲಿ ಕಾಣುವ ಕಸುಬು

ಬೆಳೆದ ಗಂಡು ಲ್ಯಾಬ್ರಡಾರಿನ ತೂಕ ಸುಮಾರು 29ರಿಂದ 36 ಕೆ.ಜಿ., ಹೆಣ್ಣಿನದು 25ರಿಂದ 32 ಕೆ.ಜಿ. ಇರಬೇಕು. ಭುಜದವರೆಗಿನ ಎತ್ತರ ಹೆಚ್ಚುಕಡಿಮೆ 55ರಿಂದ 62 ಸೆಂ.ಮೀ. ಕಪ್ಪು, ಹಳದಿ, ಚಾಕೊಲೇಟ್ ಎಂಬ ಮೂರೇ ಬಣ್ಣಗಳಿಗೆ ಮಾನ್ಯತೆ ಇದೆ. ನಮ್ಮಲ್ಲಿ "ಬಿಳಿ ಲ್ಯಾಬ್" ಎನ್ನುವುದು ತೆಳು ಹಳದಿಯನ್ನೇ.

ಮೈಮೇಲೆ ಎರಡು ಪದರ ಕೂದಲಿರುತ್ತದೆ. ಹೊರಗಿನದು ಗಿಡ್ಡ, ಒರಟು. ಒಳಗಿನದು ಮೆತ್ತಗೆ, ದಟ್ಟ. ಚರ್ಮ ಹೊರಸೂಸುವ ಎಣ್ಣೆಯಂಶ ಈ ಕೂದಲಿಗೆ ಹತ್ತಿಕೊಂಡಿರುವುದರಿಂದ ನೀರು ಒಳಕ್ಕೆ ಇಳಿಯದೆ ಜಾರಿಹೋಗುತ್ತದೆ. ನೀರಿನಿಂದ ಮೇಲೆ ಬಂದು ಎರಡು ಬಾರಿ ಮೈಕೊಡವಿದ ನಾಯಿಯ ಬೆನ್ನಿನ ಕೂದಲನ್ನು ಬೆರಳಿನಿಂದ ಬಿಡಿಸಿ ಮುಟ್ಟಿ ನೋಡಿದರೆ ಬುಡ ಇನ್ನೂ ಬೆಚ್ಚಗೆ, ಒಣಗಿಯೇ ಇರುವುದು ಗೊತ್ತಾಗುತ್ತದೆ. ಕಾಲ್ಬೆರಳುಗಳ ನಡುವೆ ಚರ್ಮದ ಪೊರೆ ಇದೆ. ಬಾಲ ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗುತ್ತ ಸಣ್ಣಗಾಗುತ್ತದೆ, ಈಜುವಾಗ ಚುಕ್ಕಾಣಿಯ ಕೆಲಸ ಮಾಡುತ್ತದೆ. ತಳಿಯ ಲಕ್ಷಣ ಬರೆದವರು ಈ ಬಾಲವನ್ನು ಹೋಲಿಸಿರುವುದು ನಾವು ಕನ್ನಡದಲ್ಲಿ ನೀರುನಾಯಿ ಎನ್ನುವ ಪ್ರಾಣಿಯ ಬಾಲಕ್ಕೆ. ತುಂಗಭದ್ರೆಯಲ್ಲಿ ಈಜುವ ನೀರುನಾಯಿಯನ್ನು ಕಂಡವರಿಗೆ ಹೋಲಿಕೆ ತಟ್ಟನೆ ಹೊಳೆದೀತು. ಇನ್ನು ಬಾಯಿ: ಹಸಿ ಮೊಟ್ಟೆಯನ್ನು ಒಡೆಯದೆ ಹಿಡಿದು ತರಬಲ್ಲ ಮೆದುಬಾಯಿ ಇದರ ಹೆಗ್ಗಳಿಕೆ. ಚಪ್ಪಲಿ ಕದಿಯುವುದೂ ಇದೇ ಬಾಯಿ.

ಮರಿ ತರುವ ಮೊದಲು

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ತರಬಾರದು. ನಾವು ಮೊದಲ ಮರಿಯನ್ನು ತಂದಾಗ ಮಾರಿದವರು ಎರಡು ತಿಂಗಳೆಂದು ಹೇಳಿದ್ದರು. ಪಶುವೈದ್ಯರು ಹಲ್ಲು ನೋಡಿ ಐದು ವಾರವೂ ಆಗಿರಲಾರದು ಎಂದರು. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡಿ ಎಷ್ಟು ಕಚ್ಚಿದರೆ ನೋವಾಗುತ್ತದೆಂದು ಕಲಿಯುವ ವಯಸ್ಸನ್ನೇ ಕಳೆದುಕೊಂಡಿದ್ದ ಅದಕ್ಕೆ ಆ ಪಾಠವನ್ನು ನಾವು ಕಲಿಸಲು ಒಂದು ವರ್ಷ ಹಿಡಿಯಿತು.

ಕೆನೆಲ್ ಕ್ಲಬ್ಬಿನ ಕಾಗದ ವಂಶವನ್ನಷ್ಟೇ ಹೇಳುತ್ತದೆ, ಆರೋಗ್ಯವನ್ನಲ್ಲ. ಈ ತಳಿಯಲ್ಲಿ ಸೊಂಟದ ಕೀಲು ಮತ್ತು ಮೊಣಕೈ ಕೀಲು ಸರಿಯಾಗಿ ಕೂಡದಿರುವ ವಂಶಪಾರಂಪರ್ಯ ದೋಷ ಸಾಮಾನ್ಯವಾದ್ದರಿಂದ ತಂದೆತಾಯಿಗಳ ಸೊಂಟದ ಎಕ್ಸ್‌ರೇ ಕೇಳಬೇಕು. ಕಣ್ಣಿನ ಪರದೆ ಕ್ರಮೇಣ ನಶಿಸುವ ಕಾಯಿಲೆಗೂ, ಓಟದ ನಡುವೆ ಕುಸಿದುಬೀಳುವ ಕಾಯಿಲೆಗೂ ವಂಶವಾಹಿ ಪರೀಕ್ಷೆಗಳಿವೆ. ನಾಯಿಯನ್ನು ನೀರಿಗಿಳಿಸುವವರು ಎರಡನೆಯ ಕಾಯಿಲೆಯ ಬಗ್ಗೆ ಅಗತ್ಯವಾಗಿ ತಿಳಿದಿರಬೇಕು. ಆರೋಗ್ಯವಾಗಿ ಕಾಣುವ ಎಳೆಯ ನಾಯಿ ಐದರಿಂದ ಇಪ್ಪತ್ತು ನಿಮಿಷ ಬಿರುಸಾಗಿ ಆಡಿದೊಡನೆ ಹಿಂಗಾಲುಗಳ ಬಲ ಕಳೆದುಕೊಂಡು ತೂರಾಡುತ್ತದೆ. ನೆಲದ ಮೇಲಾದರೆ ಮಲಗಿ ಸುಧಾರಿಸಿಕೊಂಡೀತು, ನೀರಿನ ನಡುವೆ ಹೀಗಾದರೆ ಮುಳುಗುತ್ತದೆ.

ನೀರಿಗೆ ಇಳಿಸುವ ಕ್ರಮ

ಲ್ಯಾಬ್ರಡಾರಿಗೆ ಈಜು ಹುಟ್ಟಿನಿಂದಲೇ ಬರುತ್ತದೆಂದು ನಂಬಿ ಮರಿಯನ್ನು ಎತ್ತಿ ಕೆರೆಗೆ ಎಸೆಯುವ ಪದ್ಧತಿ ಈಗಲೂ ಇದೆ. ಇದಕ್ಕಿಂತ ಕೆಟ್ಟ ಆರಂಭ ಇನ್ನೊಂದಿಲ್ಲ. ಆಸೆ ಹುಟ್ಟಿನಿಂದ ಬರುತ್ತದೆ, ಈಜನ್ನು ಕಲಿಯಬೇಕಾಗುತ್ತದೆ. ಒಮ್ಮೆ ಹೆದರಿದ ಮರಿ ಆಮೇಲೆ ವರ್ಷಗಟ್ಟಲೆ ದಡದಲ್ಲೇ ನಿಂತು ಬೊಗಳುತ್ತದೆ.

ಲಸಿಕೆಗಳ ಸರಣಿ ಮುಗಿಯುವವರೆಗೆ ಹೊರಗಿನ ನೀರು ಬೇಡ. ಪಾರ್ವೋ ಎಂಬ ವೈರಸ್ಸಿನ ವಾಂತಿಭೇದಿ ಮತ್ತು ಇಲಿಜ್ವರ ಎಳೆಯ ಮರಿಯನ್ನು ಎರಡು ಮೂರು ದಿನಗಳಲ್ಲಿ ಕೊಂಡೊಯ್ಯಬಲ್ಲವು. ಅಲ್ಲಿಯವರೆಗೆ ಬಟ್ಟೆ ನೆನೆಹಾಕುವ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕು ಬೆರಳಷ್ಟು ಉಗುರುಬೆಚ್ಚಗಿನ ನೀರು ಹಾಕಿ, ತಳದಲ್ಲಿ ಕಾಲು ಜಾರದಂತೆ ಹಳೆಯ ಗೋಣಿಚೀಲ ಹಾಸಿ, ಅದರೊಳಗೆ ಒಂದು ಚೆಂಡು ಬಿಟ್ಟರೆ ಸಾಕು. ಮರಿ ತಾನೇ ಹತ್ತಿ ಇಳಿದು ಆಡಿಕೊಳ್ಳುತ್ತದೆ.

ನಾಲ್ಕೈದು ತಿಂಗಳಾದ ಮೇಲೆ ಇಳಿಜಾರು ನಿಧಾನವಾಗಿರುವ, ತಳ ಕಾಣುವ, ಸೆಳವಿಲ್ಲದ ನೀರನ್ನು ಹುಡುಕಿಕೊಳ್ಳಬೇಕು. ಮೊದಲ ದಿನ ನೀವು ಪ್ಯಾಂಟು ಮಡಿಚಿ ನೀರಿಗೆ ಇಳಿಯಿರಿ, ನಾಯಿಯನ್ನು ಕರೆಯಬೇಡಿ, ಎಳೆಯಬೇಡಿ. ಮೊಣಕಾಲುದ್ದದ ನೀರಿನಲ್ಲಿ ಸುಮ್ಮನೆ ಅತ್ತಿತ್ತ ನಡೆಯುತ್ತಿರಿ. ಅದು ದಡದಲ್ಲಿ ಕುಂಯ್‌ಗುಟ್ಟುತ್ತದೆ, ಮುಂಗಾಲು ಅದ್ದಿ ಹಿಂದಕ್ಕೆಳೆದುಕೊಳ್ಳುತ್ತದೆ, ನೀರನ್ನು ಕಚ್ಚಿ ನೋಡುತ್ತದೆ, ಕೊನೆಗೊಮ್ಮೆ ತಡೆಯಲಾರದೆ ಎದೆಯ ತನಕ ಬಂದುಬಿಡುತ್ತದೆ. ಕಾಲು ನೆಲ ಬಿಡುವ ಹೊತ್ತಿಗೆ ಹೊಸ ಈಜುಗಾರ ನಾಯಿ ಮುಂಗಾಲುಗಳನ್ನು ನೀರಿನ ಮೇಲಕ್ಕೆತ್ತಿ ಚಟಪಟ ಬಡಿಯುತ್ತದೆ. ಹಿಂಭಾಗ ಮುಳುಗಿ ಮೈ ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಆಗ ಹೊಟ್ಟೆಯ ಹಿಂಭಾಗದ ಕೆಳಗೆ ಅಂಗೈ ಕೊಟ್ಟು ಸೊಂಟವನ್ನು ಮೇಲಕ್ಕೆ ಎತ್ತಿಹಿಡಿದರೆ ಬೆನ್ನು ಮಟ್ಟಸವಾಗಿ, ಮುಂಗಾಲುಗಳು ತಾವಾಗಿಯೇ ನೀರೊಳಗೆ ಇಳಿದು, ಬಡಿತ ನಿಂತು ಹುಟ್ಟುಹಾಕಿದಂತೆ ಸದ್ದಿಲ್ಲದೆ ಸಾಗುತ್ತವೆ. ಆ ಸದ್ದು ನಿಂತ ಕ್ಷಣವೇ ಅದಕ್ಕೆ ಈಜು ಬಂದಂತೆ. ಮೊದಲ ದಿನ ಐದು ನಿಮಿಷ ಸಾಕು.

ಬೆನ್ನ ಮೇಲೆ ಹಿಡಿಕೆಯಿರುವ ತೇಲು ಅಂಗಿ ಈಗ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಕಲಿಯುವ ನಾಯಿಗೂ, ದೋಣಿ ಹತ್ತುವ ನಾಯಿಗೂ, ವಯಸ್ಸಾದ ನಾಯಿಗೂ ಅದು ಬೇಕೇ ಬೇಕು. ಕೊರಳಪಟ್ಟಿಯನ್ನು ಮಾತ್ರ ನೀರಿಗಿಳಿಯುವ ಮೊದಲು ಬಿಚ್ಚಬೇಕು. ನೀರೊಳಗಿನ ಬೇರಿಗೋ ಬಲೆಗೋ ಸಿಕ್ಕಿಕೊಂಡರೆ ಅದೇ ಉರುಳಾಗುತ್ತದೆ.

ಯಾವ ನೀರು ಬೇಡ

ಒಳ್ಳೆಯ ನೀರನ್ನು ಹುಡುಕುವುದಕ್ಕಿಂತ ಕೆಟ್ಟ ನೀರನ್ನು ಗುರುತಿಸುವುದು ಕರ್ನಾಟಕದಲ್ಲಿ ಹೆಚ್ಚು ಮುಖ್ಯವಾದ ವಿದ್ಯೆ. ಹೊಲಗಳಲ್ಲಿ ತೋಡಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡ ನೋಡಲು ಈಜುಕೊಳದಂತೆಯೇ ಇರುತ್ತದೆ, ನಾಯಿ ಒಂದೇ ನೆಗೆತಕ್ಕೆ ಒಳಗಿರುತ್ತದೆ. ಮೇಲೆ ಬರುವುದು ಆಗದ ಮಾತು. ಪಾಚಿ ಕಟ್ಟಿದ ಹಾಳೆಯ ಮೇಲೆ ಉಗುರು ನಿಲ್ಲುವುದಿಲ್ಲ. ಎಷ್ಟೇ ಚೆನ್ನಾಗಿ ಈಜುವ ನಾಯಿಯೂ ಸುತ್ತು ಹಾಕಿ ಹಾಕಿ ದಣಿದು ಮುಳುಗುತ್ತದೆ. ಮನುಷ್ಯರೇ ಹೀಗೆ ಸತ್ತ ಸುದ್ದಿಗಳನ್ನು ಓದುತ್ತಿರುತ್ತೇವೆ. ತೋಟದ ಮನೆಯಲ್ಲಿ ನಾಯಿಯಿದ್ದರೆ ಹೊಂಡಕ್ಕೆ ಬೇಲಿ ಇರಲೇಬೇಕು, ಜೊತೆಗೆ ಗಂಟು ಹಾಕಿದ ಹಗ್ಗದ ಬಲೆಯನ್ನೋ ಮರದ ಏಣಿಯನ್ನೋ ಎರಡು ಕಡೆ ನೀರಿನ ತನಕ ಇಳಿಬಿಟ್ಟಿರಬೇಕು. ಕಲ್ಲು ಕಟ್ಟಿದ ನಾಲೆಗಳದ್ದೂ ಇದೇ ಕಥೆ, ಅದರ ಮೇಲೆ ಸೆಳವು ಬೇರೆ.

ದಾಂಡೇಲಿಯ ಕಾಳಿಯಲ್ಲಿ, ರಂಗನತಿಟ್ಟಿನ ಸುತ್ತಿನ ಕಾವೇರಿಯಲ್ಲಿ, ರಾಯಚೂರು ಕಡೆಯ ಕೃಷ್ಣೆಯಲ್ಲಿ ಮೊಸಳೆಗಳಿವೆ. ನೀರಿನಲ್ಲಿ ಪಟಪಟನೆ ಕಾಲು ಬಡಿಯುವ ನಾಯಿ ಅವುಗಳಿಗೆ ಕರೆಗಂಟೆ ಇದ್ದಂತೆ. ನಗರದ ಕೆರೆಗಳಲ್ಲಿ ಒಳಚರಂಡಿಯ ನೀರು ಸೇರಿರುವುದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿದ್ದರೆ ಅದು ವಿಷಕಾರಿ ನೀಲಿಹಸಿರು ಪಾಚಿಯಾಗಿರಬಹುದು. ಆ ನೀರು ಹೊಟ್ಟೆಗೆ ಹೋದ ನಾಯಿ ಕೆಲವೇ ಗಂಟೆಗಳಲ್ಲಿ ಸಾಯುವುದುಂಟು, ಮೈಗೆ ಹತ್ತಿದ್ದನ್ನು ನೆಕ್ಕಿಕೊಂಡರೂ ಅಪಾಯವೇ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲಿಗೆ ಇಳಿಸುವಂತಿಲ್ಲ. ಉಳಿದ ತಿಂಗಳುಗಳಲ್ಲೂ ಉಪ್ಪುನೀರು ಕುಡಿದು ವಾಂತಿ ಭೇದಿ ಮಾಡಿಕೊಳ್ಳದಂತೆ ಆಗಾಗ ಮೇಲಕ್ಕೆ ಕರೆದು ಸಿಹಿನೀರು ಕುಡಿಸುತ್ತಿರಬೇಕು. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿರುವವರು ನಾಯಿಗಳಿಗೆಂದೇ ಕಟ್ಟಿದ ಈಜುಕೊಳ ಸಿಕ್ಕರೆ ವಾರಕ್ಕೊಮ್ಮೆ ಅಲ್ಲಿಗೆ ಹೋಗುವುದು, ಇಲ್ಲವೇ ತಾರಸಿಯ ಮೇಲಿನ ಟಬ್ಬನ್ನೇ ನೆಚ್ಚಿಕೊಳ್ಳುವುದು ಮೇಲು.

ಎಸೆದದ್ದನ್ನು ತರುವ ಪಾಠ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದ ಜಾರಿಯಲ್ಲಿರುವ ನಮ್ಮ ದೇಶದಲ್ಲಿ ಈ ನಾಯಿಗೆ ಹಕ್ಕಿಬೇಟೆಯ ಕೆಲಸ ಕೊಡುವಂತಿಲ್ಲ, ಕೊಡಬೇಕಾಗಿಯೂ ಇಲ್ಲ. ಹಕ್ಕಿಯ ಜಾಗದಲ್ಲಿ ತೇಲುವ ಬಟ್ಟೆಯ ಉರುಳೆ ಇದ್ದರೂ ಅದಕ್ಕೆ ಅಷ್ಟೇ ಸಂತೋಷ. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಒಂದು ಮೊಳ ಕತ್ತರಿಸಿ, ಒಳಗೆ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ಇಟ್ಟು, ಎರಡೂ ತುದಿ ಹೊಲಿದು ಎಸೆಯಲು ಒಂದು ಹಗ್ಗ ಕಟ್ಟಿದರೆ ಮನೆಯಲ್ಲೇ ಅದು ಸಿದ್ಧವಾಗುತ್ತದೆ. ಟೆನ್ನಿಸ್ ಚೆಂಡು ಬೇಡ. ಅದು ಹಲ್ಲನ್ನು ಸವೆಸುತ್ತದೆ. ಅಲ್ಲದೆ ಗುಂಡಗಿನ ವಸ್ತುವನ್ನು ಕಚ್ಚಿ ಈಜುವಾಗ ಬಾಯಿ ಅಗಲವಾಗಿ ತೆರೆದು ನೀರು ಹೆಚ್ಚು ಒಳಗೆ ಹೋಗುತ್ತದೆ.

ಪಾಠವನ್ನು ಮನೆಯ ಪಡಸಾಲೆಯಲ್ಲಿ ಶುರುಮಾಡಿ. ನಾಯಿ ಕೂರಬೇಕು, ಉರುಳೆ ಬಿದ್ದ ಮೇಲೂ ಕೂತೇ ಇರಬೇಕು, ಹೇಳಿದ ಮೇಲಷ್ಟೇ ಓಡಬೇಕು. ತಂದದ್ದನ್ನು ಕಿತ್ತುಕೊಳ್ಳಬಾರದು. ಕಿತ್ತುಕೊಂಡಷ್ಟೂ ಅದು ಬಿಗಿಯಾಗಿ ಕಚ್ಚುವುದನ್ನು, ಕೊನೆಗೆ ಹತ್ತಿರ ಬರದೆ ಓಡುವುದನ್ನು ಕಲಿಯುತ್ತದೆ. ಎದೆಯನ್ನು ಸವರುತ್ತ, ಇನ್ನೊಂದು ಕೈಯಲ್ಲಿ ತಿಂಡಿ ತೋರಿಸಿ "ಬಿಡು" ಎಂದರೆ ಬಾಯಿ ತಾನಾಗಿ ಸಡಿಲುತ್ತದೆ. ತಿಂಡಿ ಕೊಟ್ಟ ಮೇಲೆ ಉರುಳೆಯನ್ನೂ ಒಮ್ಮೆ ಹಿಂದಿರುಗಿಸಿ. ಆಗ ಬಿಡುವುದೆಂದರೆ ಕಳೆದುಕೊಳ್ಳುವುದಲ್ಲ ಎಂಬುದು ಅದಕ್ಕೆ ಮನವರಿಕೆಯಾಗುತ್ತದೆ.

ಮಾತುಗಳ ಬಗ್ಗೆ ಒಂದು ಸೂಚನೆ. ನಾವು ಮೊದಲು "ಬಾ" ಮತ್ತು "ತಾ" ಎಂಬ ಎರಡು ಮಾತುಗಳನ್ನು ಕಲಿಸಿದೆವು. ಮನೆಯೊಳಗೆ ಎಲ್ಲವೂ ಸುಗಮವಾಗಿತ್ತು. ಹೊಳೆಯ ದಡದಲ್ಲಿ ನಿಂತು ಕೂಗಿದಾಗ ನಾಯಿಗೆ ಕೇಳುತ್ತಿದ್ದುದು ಬರಿಯ "ಆ" ಮಾತ್ರ. ಉರುಳೆಯನ್ನು ನೀರಲ್ಲೇ ಬಿಟ್ಟು ಬರಬೇಕೋ ಕಚ್ಚಿಕೊಂಡು ಬರಬೇಕೋ ತಿಳಿಯದೆ ನಡುನೀರಿನಲ್ಲಿ ಸುತ್ತುತ್ತಿತ್ತು. ಸೀಟಿಗೆ ಬದಲಾಯಿಸಿಕೊಂಡ ಮೇಲೆ ಗೊಂದಲ ತೀರಿತು. ನೀರಿನ ಮೇಲೆ ಸೀಟಿಯ ದನಿ ಹೆಚ್ಚು ದೂರ ಹೋಗುತ್ತದೆ, ಸಿಟ್ಟು ಬಂದಾಗ ಅದರ ದನಿ ಬದಲಾಗುವುದೂ ಇಲ್ಲ.

ಹತ್ತು ಹದಿನೈದು ನಿಮಿಷ ಆಡಿಸಿ, ಅಷ್ಟೇ ಹೊತ್ತು ಕಡ್ಡಾಯವಾಗಿ ವಿಶ್ರಾಂತಿ ಕೊಡಬೇಕು. ಸಾಕು ಎನ್ನುವ ಅಭ್ಯಾಸ ಲ್ಯಾಬ್ರಡಾರಿಗೆ ಇಲ್ಲ. ಬಹಳ ಹೊತ್ತು ತರುವ ಆಟದಲ್ಲಿ ತೊಡಗಿದ ನಾಯಿ ಲೆಕ್ಕವಿಲ್ಲದಷ್ಟು ನೀರು ನುಂಗಿ, ರಕ್ತದ ಸೋಡಿಯಂ ಅಂಶ ಅಪಾಯದ ಮಟ್ಟಕ್ಕೆ ಇಳಿಯುವುದುಂಟು. ಹೊಟ್ಟೆ ಉಬ್ಬಿ, ಜೊಲ್ಲು ಸುರಿದು, ತೂರಾಡುತ್ತ, ಮಂಕು ನೋಟ ನೋಡುತ್ತಿದ್ದರೆ ದಣಿವೆಂದು ಮಲಗಿಸದೆ ಆ ಕ್ಷಣವೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನೀರಿನಿಂದ ಬಂದ ಮೇಲೆ

ಈಜಿಸುವುದು ಅರ್ಧ ಕೆಲಸ, ಉಳಿದರ್ಧ ಮನೆಗೆ ಬಂದ ಮೇಲಿನದು. ಶುದ್ಧ ನೀರಿನಿಂದ ಮೈ ತೊಳೆದು, ಟವೆಲ್ಲಿನಿಂದ ಕೂದಲಿನ ಬುಡದ ತನಕ ಒರೆಸಬೇಕು. ಕೊರಳು, ಕಂಕುಳು, ತೊಡೆಸಂದು, ಬಾಲದ ಬುಡ ಇವು ಹಸಿಯಾಗಿ ಉಳಿದರೆ ಒಂದೇ ರಾತ್ರಿಯಲ್ಲಿ ಅಂಗೈಯಗಲ ಕೂದಲುದುರಿ ಕೆಂಪಗೆ ರಸ ಒಸರುವ ಹುಣ್ಣಾಗುತ್ತದೆ. ಮಳೆಗಾಲದಲ್ಲಿ ಇದರ ಕಾಟ ಹೆಚ್ಚು. ಒದ್ದೆ ಕೊರಳಪಟ್ಟಿಯನ್ನು ಮತ್ತೆ ಹಾಕುವುದೇ ಎಷ್ಟೋ ಬಾರಿ ಕಾರಣವಾಗಿರುತ್ತದೆ. ಶಾಂಪೂ ಪ್ರತಿ ಸಲ ಬೇಡ. ಒಂದೂವರೆ ಎರಡು ತಿಂಗಳಿಗೊಮ್ಮೆ ಸಾಕು. ಮನುಷ್ಯರ ಸಾಬೂನು ಹಾಕಿ ಉಜ್ಜಿದರೆ ಮೈಯ ಎಣ್ಣೆಯಂಶ ಹೋಗಿ ನೀರು ಜಾರುವ ಗುಣವೇ ಹೋಗುತ್ತದೆ. ಸೆಕೆಯೆಂದು ಮೈಬೋಳಿಸುವುದಂತೂ ತಪ್ಪು. ವಾರಕ್ಕೆರಡು ಸಲ ರಬ್ಬರ್ ಹಲ್ಲಿನ ಬ್ರಷ್ಷಿನಿಂದ ಬಾಚಿದರೆ ಉದುರಲಿರುವ ಕೂದಲು ಸೋಫಾದ ಬದಲು ಕಸದ ಬುಟ್ಟಿ ಸೇರುತ್ತದೆ. ಉದುರುವುದನ್ನು ಪೂರ್ತಿ ನಿಲ್ಲಿಸುವ ಉಪಾಯ ಯಾವುದೂ ಇಲ್ಲ.

ಕಿವಿಗೆ ಹೆಚ್ಚಿನ ಗಮನ ಬೇಕು. ನಾಯಿಯ ಕಿವಿಯ ನಾಳ ಮೊದಲು ನೇರ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಮೇಲೆ ಜೋಲುಗಿವಿಯ ಮುಚ್ಚಳ ಬೇರೆ. ಒಳಗೆ ನಿಂತ ನೀರು ಆರುವ ದಾರಿಯೇ ಇಲ್ಲ. ವಾರಕ್ಕೊಮ್ಮೆಯೂ ಪ್ರತಿ ಈಜಿನ ನಂತರವೂ ಕಿವಿಯನ್ನು ಮಗುಚಿ ಮೂಗಿಟ್ಟು ನೋಡಿ. ಆರೋಗ್ಯದ ಕಿವಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಹುಳಿ ಹೆಚ್ಚಾದ ದೋಸೆಹಿಟ್ಟಿನ ವಾಸನೆ ಬಂದರೆ ಒಳಗೆ ಶಿಲೀಂಧ್ರ ಬೆಳೆಯತೊಡಗಿದೆ ಎಂದರ್ಥ. ತೊಳೆಯುವ ಕ್ರಮ ಹೀಗೆ: ವೈದ್ಯರು ಬರೆದುಕೊಟ್ಟ ಕಿವಿ ತೊಳೆಯುವ ದ್ರಾವಣವನ್ನು ಮೈಬೆಚ್ಚಗಾಗುವಷ್ಟು ಕೈಯಲ್ಲಿ ಹಿಡಿದಿಟ್ಟುಕೊಂಡು, ಕಿವಿಯನ್ನು ಮೇಲಕ್ಕೆತ್ತಿ ನಾಳ ತುಂಬುವಷ್ಟು ಬಿಡಿ. ಬಳಿಕ ಕಿವಿಯ ಬುಡದಲ್ಲಿ, ದವಡೆಯ ಹಿಂದೆ, ಬೆರಳಿಗೆ ಸಿಗುವ ಗಟ್ಟಿ ಕೊಳವೆಯನ್ನು ಅರ್ಧ ನಿಮಿಷ ಹಿತವಾಗಿ ಹಿಸುಕಿ. ಪಚಪಚ ಎಂಬ ಸದ್ದು ಕೇಳಿದರೆ ದ್ರಾವಣ ಕೆಳಗೆ ತಲುಪಿದೆ. ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ. ನಾಯಿ ತಲೆ ಕೊಡವಿ ಕೊಳೆಯನ್ನೆಲ್ಲ ತಾನೇ ಹೊರಹಾಕುತ್ತದೆ, ಹೆಚ್ಚಿನಂಶ ನಿಮ್ಮ ಅಂಗಿಯ ಮೇಲೆ. ಬೆರಳಿಗೆ ಸುತ್ತಿದ ಹತ್ತಿಯಿಂದ ಬೆರಳು ಹೋಗುವಷ್ಟು ದೂರ ಮಾತ್ರ ಒರೆಸಿ. ಕಿವಿಕಡ್ಡಿ, ಬಿಸಿ ಮಾಡಿದ ಕೊಬ್ಬರಿಎಣ್ಣೆ, ಅರಿಸಿನ ಯಾವುದೂ ಬೇಡ. ತಲೆ ವಾಲಿಸಿಕೊಂಡು ನಡೆಯುತ್ತಿದ್ದರೆ, ಮುಟ್ಟಿದರೆ ಕಿರುಚಿದರೆ ಮನೆಯಲ್ಲಿ ತೊಳೆಯದೆ ವೈದ್ಯರಿಗೆ ತೋರಿಸಬೇಕು.

ತಣ್ಣೀರಿನಲ್ಲಿ ಬಹಳ ಹೊತ್ತು ಈಜಿದ ಮಾರನೆಯ ದಿನ ಕೆಲವು ಲ್ಯಾಬ್ರಡಾರುಗಳ ಬಾಲ ಬುಡದಿಂದ ಎರಡು ಮೂರು ಅಂಗುಲ ನೆಟ್ಟಗಿದ್ದು, ಅಲ್ಲಿಂದ ಸತ್ತ ಹಾವಿನಂತೆ ಜೋತುಬೀಳುತ್ತದೆ. ಮೂಳೆ ಮುರಿಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ಇದು ಬಾಲದ ಸ್ನಾಯುಗಳ ಸೆಳೆತ. ವಿಶ್ರಾಂತಿ ಕೊಟ್ಟರೆ ಒಂದು ವಾರದೊಳಗೆ ಸರಿಹೋಗುತ್ತದೆ. ನೋವು ಹೆಚ್ಚಿದ್ದರೆ ವೈದ್ಯರು ಔಷಧಿ ಕೊಡುತ್ತಾರೆ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ನೀವಾಗಿ ಕೊಡಲೇಬಾರದು.

ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರ ನಾಯಿಯ ಮೂತ್ರಪಿಂಡ ಮತ್ತು ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಮನುಷ್ಯರಿಗೂ ಹರಡುತ್ತದೆ. ನೀರಿಗಿಳಿಯುವ ನಾಯಿಗೆ ಇದರ ಲಸಿಕೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು. ದಡದ ಹುಲ್ಲಿನಲ್ಲಿರುವ ಉಣುಗುಗಳು ಮೈಗೇರಿ ಜ್ವರ ತರುತ್ತವೆ: ಊಟ ಎಂದರೆ ಓಡಿಬರುವ ಲ್ಯಾಬ್ರಡಾರ್ ಒಂದು ಹೊತ್ತು ತಟ್ಟೆ ಮುಟ್ಟಲಿಲ್ಲವೆಂದರೆ ನಾನು ಮೊದಲು ಥರ್ಮಾಮೀಟರ್ ಹುಡುಕುತ್ತೇನೆ. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದ್ದು, ವಸಡು ಬಿಳಿಚಿಕೊಂಡಿದ್ದರೆ ಅದೇ ದಿನ ರಕ್ತಪರೀಕ್ಷೆ ಆಗಬೇಕು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ ಆದ್ದರಿಂದ ಅಲ್ಲಿ ಕಾಡಂಚಿಗೆ ಹೋಗಿಬಂದ ನಾಯಿಯನ್ನು ಬೆರಳಸಂದು, ಕಿವಿಯಂಚು ಸಮೇತ ತಡಕಿ ನೋಡಿಯೇ ಒಳಗೆ ಬಿಡುವುದು ಒಳ್ಳೆಯದು.

ತುಂಬದ ಹೊಟ್ಟೆ

ಲ್ಯಾಬ್ರಡಾರಿನ ಹಸಿವಿಗೆ ವಂಶವಾಹಿಯ ಕಾರಣವಿದೆ. ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕು ಬಿಟ್ಟುಹೋಗಿರುವುದರಿಂದ ಹೊಟ್ಟೆ ತುಂಬಿತೆಂಬ ಸಂದೇಶ ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನಲ್ಲಿ ಈ ದೋಷವಿದೆ. ಆದ್ದರಿಂದ ಎಷ್ಟು ಹಾಕಬೇಕೆಂದು ಅದರ ಮುಖ ನೋಡಿ ತೀರ್ಮಾನಿಸಬಾರದು, ಪಕ್ಕೆ ಮುಟ್ಟಿ ತೀರ್ಮಾನಿಸಬೇಕು. ಅಂಗೈಯನ್ನು ಪಕ್ಕೆಯ ಮೇಲೆ ಹಗುರವಾಗಿ ಸವರಿದಾಗ ಪಕ್ಕೆಲುಬುಗಳನ್ನು ಎಣಿಸುವಂತಿರಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಸರಿದು ಕಾಣಬೇಕು. 48 ಲ್ಯಾಬ್ರಡಾರುಗಳನ್ನು ಜೀವನಪೂರ್ತಿ ಗಮನಿಸಿದ ಅಮೆರಿಕದ ಒಂದು ಅಧ್ಯಯನದಲ್ಲಿ ಕಾಲು ಭಾಗ ಕಡಿಮೆ ತಿಂದ ನಾಯಿಗಳು ಉಳಿದವಕ್ಕಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವೂ ಅವಕ್ಕೆ ತಡವಾಗಿ ಬಂತು.

ದಿನಕ್ಕೆ ಎರಡು ಹೊತ್ತು, ತಕ್ಕಡಿಯಲ್ಲಿ ತೂಗಿ ಹಾಕಬೇಕು. ತರಬೇತಿಗೆ ಕೊಟ್ಟ ತಿಂಡಿಯನ್ನೂ ಅದರಲ್ಲೇ ಕಳೆಯಬೇಕು. ಮನೆಯೂಟ ಕೊಡುವವರು ಬೇಯಿಸಿದ ಮಾಂಸ ಅಥವಾ ಮೊಟ್ಟೆಗೆ ಮೊದಲ ಸ್ಥಾನ ಕೊಟ್ಟು, ರಾಗಿ, ಅನ್ನ, ಕುಂಬಳ, ಕ್ಯಾರೆಟ್‌ಗಳನ್ನು ಆಮೇಲೆ ಸೇರಿಸಲಿ. ಮೊಸರನ್ನವೊಂದನ್ನೇ ತಿಂದು ಬೆಳೆದ ಲ್ಯಾಬ್ರಡಾರಿಗೆ ಕೊಬ್ಬು ಬರುತ್ತದೆ, ಸ್ನಾಯು ಬರುವುದಿಲ್ಲ. ಮರಿಗಳಿಗೆ ಮನೆಯೂಟ ಕೊಡುವುದಾದರೆ ಕ್ಯಾಲ್ಸಿಯಂ ಪ್ರಮಾಣವನ್ನು ವೈದ್ಯರಿಂದ ಕೇಳಿಯೇ ತಿಳಿಯಬೇಕು, ಹೆಚ್ಚಾದರೂ ಮೂಳೆ ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುವುದರಿಂದ ನಮ್ಮ ಸಾರು, ಸಾಂಬಾರು, ಪಲ್ಯಗಳು ತಟ್ಟೆಗೆ ಬೀಳಬಾರದು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಹಬ್ಬದ ದಿನ ಪಾಯಸದ ಪಾತ್ರೆಯನ್ನು ನೆಲದ ಮೇಲಿಡುವ ಮುನ್ನ ಇದು ನೆನಪಿರಲಿ. ಊಟವಾದ ಒಂದೆರಡು ಗಂಟೆಯೊಳಗೆ ಈಜಿಸಬಾರದು.

ಬಿಸಿಲು, ಕೀಲು, ಮುಪ್ಪು

ಮಂಜಿನ ಸೀಮೆಯ ನಾಯಿಯಾದ್ದರಿಂದ ಕಲಬುರಗಿ, ಬಳ್ಳಾರಿಯ ಏಪ್ರಿಲ್ ಬಿಸಿಲು ಇದಕ್ಕೆ ಜೀವದ ಪ್ರಶ್ನೆ. ಬೆಳಗಿನ ಏಳರೊಳಗೆ, ಸಂಜೆ ನೆಲ ಆರಿದ ಮೇಲೆ ಹೊರಗೆ ಕರೆದೊಯ್ಯಿರಿ; ರಸ್ತೆಯ ಮೇಲೆ ನಿಮ್ಮ ಅಂಗೈ ಏಳು ಸೆಕೆಂಡು ನಿಲ್ಲದಿದ್ದರೆ ಅದರ ಪಾದವೂ ನಿಲ್ಲದು. ವಿಪರೀತ ಏದುಸಿರು, ಕಡುಗೆಂಪು ನಾಲಗೆ, ತೂರಾಟ ಕಂಡರೆ ನೆರಳಿಗೆ ತಂದು ಮೈತುಂಬ ತಣ್ಣೀರು ಸುರಿದು ಗಾಳಿ ಹಾಕಿ, ಮೈ ತಣಿಯತೊಡಗಿದ ಮೇಲೆ ಆಸ್ಪತ್ರೆಗೆ ಹೊರಡಬೇಕು. ತಣಿಸದೆ ಕಾರಿಗೆ ಹಾಕಿಕೊಂಡು ಓಡುವುದರಲ್ಲಿ ಹೊತ್ತು ಕಳೆಯುತ್ತದೆ.

ಮೂಳೆ ಬಲಿಯುವ ತನಕ, ಅಂದರೆ ಒಂದರಿಂದ ಒಂದೂವರೆ ವರ್ಷದವರೆಗೆ, ಮೆಟ್ಟಿಲು ಹಾರಿಸುವುದು, ಬೈಕಿನ ಹಿಂದೆ ಓಡಿಸುವುದು, ನುಣುಪು ಟೈಲ್ಸಿನ ಮೇಲೆ ಚೆಂಡು ಎಸೆಯುವುದು ಬೇಡ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಆರು ತಿಂಗಳಿಗಿಂತ ಮೊದಲು ಮಾಡಿಸಿದ ಲ್ಯಾಬ್ರಡಾರುಗಳಲ್ಲಿ ಕೀಲಿನ ತೊಂದರೆ ಹೆಚ್ಚೆಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಅಧ್ಯಯನಗಳು ಹೇಳಿವೆ, ಹಾಗಾಗಿ ಯಾವಾಗ ಮಾಡಿಸಬೇಕೆಂಬುದನ್ನು ವೈದ್ಯರೊಡನೆ ಮಾತಾಡಿ ನಿಶ್ಚಯಿಸಿಕೊಳ್ಳಿ.

ಈ ತಳಿಯ ಸರಾಸರಿ ಆಯಸ್ಸು ಸುಮಾರು ಹನ್ನೆರಡು ವರ್ಷ. ಒಂಬತ್ತು ಹತ್ತರ ನಂತರ ಕೀಲು ಹಿಡಿದುಕೊಂಡು, ಬೆಳಗಿನ ನಡಿಗೆ ಬೀದಿಯ ತುದಿಗೇ ಮುಗಿಯುವಂತಾದಾಗಲೂ ಉಗುರುಬೆಚ್ಚಗಿನ ನೀರು ಅದಕ್ಕೆ ಹಿತ. ಮೈಭಾರವನ್ನು ನೀರು ಹೊರುವುದರಿಂದ ನೋವಿಲ್ಲದೆ ಕಾಲಾಡಿಸಬಹುದು. ಮುದಿ ನಾಯಿಯನ್ನು ನೀರಿಗಿಳಿಸುವಾಗ ತೇಲು ಅಂಗಿ ಹಾಕಿ, ಐದು ನಿಮಿಷಕ್ಕೆ ನಿಲ್ಲಿಸಿ. ಇಳಿಯುವಾಗ ಅದು ಚುರುಕಾಗಿಯೇ ಇರುತ್ತದೆ. ಮೇಲೆ ಬರುವಾಗ ನೀರಿನ ಆಸರೆ ತಪ್ಪಿದೊಡನೆ ಹಿಂಗಾಲು ಕುಸಿಯುತ್ತದೆ. ಮರಿಯಾಗಿದ್ದಾಗ ಈಜು ಕಲಿಸಲು ಕೈಕೊಟ್ಟ ಜಾಗದಲ್ಲೇ, ಹೊಟ್ಟೆಯ ಹಿಂಭಾಗದ ಕೆಳಗೆ, ಒಂದು ಟವೆಲ್ಲನ್ನು ಜೋಲಿಯಂತೆ ಹಾಯಿಸಿ ಎತ್ತಿಹಿಡಿದುಕೊಂಡು ದಡ ಹತ್ತಿಸಿ.